ನಾನು ಹಸನು ಮಾಡಿದ ಗೋಡೆ

ನಾನು ಚಿಕ್ಕವಳಿದ್ದಾಗ ನಮ್ಮದು ಎರಡಂಕಣದ ಮಣ್ಣಿನ ಮಾಳಿಗೆ ಮನೆ. ಅಂಕಣ ಎಂದರೆ ಕಂಬದಿಂದ ಕಂಬಕ್ಕೆ ಇರುವ ಜಾಗ. ಆ ಎರಡರಲ್ಲಿ ಮುಂದಿನ ಅಂಕಣ ಎತ್ತುಗಳದ್ದು, ಹಿಂದಿನದು ನಮ್ಮದು. ಅಪ್ಪ, ಅವ್ವ, ಅಕ್ಕ, ನಾನು, ತಮ್ಮ, ಐದು ಜನ ಅಷ್ಟರಲ್ಲೇ ಉಣ್ಣಬೇಕು, ಅಷ್ಟರಲ್ಲೇ ಮಲಗಬೇಕು, ಜಗಳವಾಡಿದರೂ ಅಷ್ಟರಲ್ಲೇ ಆಡಬೇಕು. ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಬೆಳಿಗ್ಗೆ ಒಲೆಯ ಹತ್ತಿರ, ಮಧ್ಯಾಹ್ನ ಒರಳಿನ ಹತ್ತಿರ ಬಂದು ಕೂರುತ್ತಿತ್ತು.

ಇಷ್ಟು ಸಣ್ಣ ಮನೆಯಲ್ಲಿ ಕಾಲಿಗೆ ಒಂದು ಸಾಮಾನೂ ತೊಡರುತ್ತಿರಲಿಲ್ಲ. ಅವ್ವ ಎಲ್ಲವನ್ನೂ ನೆಲದಿಂದ ಮೇಲೆ ಎತ್ತಿಬಿಟ್ಟಿದ್ದಳು. ಹಾಲು ಬೆಣ್ಣೆ ನೆಲುವಿನಲ್ಲಿ, ಅಂದರೆ ತೊಲೆಯಿಂದ ಇಳಿಬಿಟ್ಟ ಹಗ್ಗದ ಬಲೆಯಲ್ಲಿ ತೂಗುತ್ತಿದ್ದವು. ಸೀರೆ, ಕೌದಿಗಳು ಅಡ್ಡ ಕಟ್ಟಿದ ಗಳದ ಮೇಲೆ. ಅಪ್ಪನ ಅಂಗಿಗೊಂದು ಗೂಟ, ಬಾರುಕೋಲಿಗೊಂದು ಗೂಟ. ಕಾಳುಕಡಿ ಎಲ್ಲ ಅಡಕಲ ಗಡಿಗೆಗಳಲ್ಲಿ. ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಆರು ಗಡಿಗೆ ಮೂಲೆಯಲ್ಲಿ ಒಂದರ ತಲೆಯ ಮೇಲೊಂದು ನಿಂತಿದ್ದವು. ತಳದ ಜೋಳ ಬೇಕಾದರೆ ಮೇಲಿನ ಐದನ್ನೂ ಇಳಿಸಬೇಕು. ಅವ್ವ ಕತ್ತಲಲ್ಲೂ ಇಳಿಸಿ ಏರಿಸುತ್ತಿದ್ದಳು, ಒಂದಕ್ಕೊಂದು ತಾಗಿದ ಸದ್ದೂ ಬರುತ್ತಿರಲಿಲ್ಲ.

ಅವಳದು ಒಂದೇ ಕಾಯಿದೆ. ಒಂದು ಸಾಮಾನು ಒಳಗೆ ಬಂದರೆ ಒಂದು ಹೊರಗೆ ಹೋಗಬೇಕು. ಅಪ್ಪ ಹೊಸ ಕಂಬಳಿ ತಂದ ದಿನವೇ ಹಳೆಯದು ಎತ್ತಿನ ಬೆನ್ನಿಗೆ ಹೋಯಿತು. ತಮ್ಮ ಹುಟ್ಟಿದಾಗ ಅಪ್ಪ, "ಈಗ ಯಾರನ್ನ ಹೊರಗ ಹಾಕ್ತಿ?" ಎಂದು ಕೇಳಿದ. ಅವ್ವ ನನ್ನ ಕಡೆ ನೋಡಿದಳು. ಅದು ತಮಾಷೆ ಎಂದು ತಿಳಿಯುವ ತನಕ, ಎರಡು ದಿನ, ನಾನು ಹೇಳಿಸಿಕೊಳ್ಳದೆ ಕೆಲಸ ಮಾಡಿದೆ.

ಅವ್ವ ಜೀವದ ಹಾಗೆ ಇಟ್ಟುಕೊಂಡದ್ದು ಒಂದೇ, ಸೌತೆ ಬೀಜ. ಅವಳ ತವರು ಹಂಪಸಾಗರದ ಕಡೆ, ಹೊಳೆ ದಂಡೆಯಲ್ಲಿ. ಡ್ಯಾಮು ಕಟ್ಟಿದಾಗ ಅವರ ಹೊಲ ನೀರಿನಡಿ ಹೋಯಿತು. ಆ ಹೊಲದ ಸೌತೆ ಬೀಜ ಮಾತ್ರ ಅವ್ವನ ಹತ್ತಿರ ಉಳಿಯಿತು. ನಮ್ಮ ಜೋಳದ ಸಾಲಿನ ನಡುವೆ ಅದನ್ನು ಹಾಕುತ್ತಿದ್ದಳು. ಎಳೆಯ ಕಾಯಿ ಅಂಗೈಗೆ ತರಿ ತರಿ ಹತ್ತುತ್ತಿತ್ತು, ಕಚ್ಚಿದರೆ ಗದ್ದದ ಮೇಲೆ ನೀರು ಇಳಿಯುತ್ತಿತ್ತು. ತೊಟ್ಟಿನ ತನಕ ತಿಂದರೂ ಕಹಿ ಇಲ್ಲ. ಓಣಿಯವರಿಗೆ ಎಳೆಗಾಯಿ ಮಡಿಲು ತುಂಬ ಕೊಡುತ್ತಿದ್ದಳು, ಬೀಜ ಮಾತ್ರ ಒಂದು ಕಾಳೂ ಕೊಡುತ್ತಿರಲಿಲ್ಲ. ಕೇಳಿದವರಿಗೆ, "ನಮ್ಮಪ್ಪನ ಹೊಲ ಇಷ್ಟ ಉಳದೈತಿ ನನಗ," ಎಂದು ಬಾಯಿ ಮುಚ್ಚಿಸುತ್ತಿದ್ದಳು. ನನಗೆ ಎಂಟು ವರ್ಷವಿದ್ದಾಗ, ಬೇಸಿಗೆಯಲ್ಲಿ, ಅಕ್ಕನನ್ನು ಕೋಗಳಿಗೆ ಮದುವೆ ಮಾಡಿ ಕೊಟ್ಟರು. ಆ ಬೀಜದಲ್ಲಿ ಅರ್ಧ ಅಕ್ಕನ ಜೊತೆ ಹೋಗಬೇಕು ಎಂದು ಅವ್ವ ಆವಾಗಲೇ ಹೇಳಿಯಾಗಿತ್ತು.

ವರ್ಷವೂ ಆ ಬೀಜವನ್ನು ಬೂದಿಯಲ್ಲಿ ಕಲಸಿ ಗಡಿಗೆಯಲ್ಲಿ ಇಡುವುದು ನನಗೆ ಗೊತ್ತಿತ್ತು. ಹಿಂದಿನ ವರ್ಷ ಅದಕ್ಕೆ ಇಲಿ ಬಾಯಿ ಹಾಕಿತ್ತು. ಆದ್ದರಿಂದ ಆ ಸಲ ಅವ್ವ ಬೀಜವನ್ನು ಹಸಿ ಸಗಣಿಯಲ್ಲಿ ಕಲಸಿ, ರೊಟ್ಟಿಯ ಹಾಗೆ ಮೂರು ತಟ್ಟಿ, ಒಲೆಯ ಹಿಂದಿನ ಗೋಡೆಯ ಎತ್ತರಕ್ಕೆ ಬಡಿದಿದ್ದಳು. ಒಣಗಿದ ಸಗಣಿಯೊಳಗಿನ ಬೀಜಕ್ಕೆ ಹುಳ ಬೀಳುವುದಿಲ್ಲ, ಇಲಿಯೂ ಮುಟ್ಟುವುದಿಲ್ಲ. ಇದು ಮಾತ್ರ ನನಗೆ ಗೊತ್ತಿರಲಿಲ್ಲ. ಆಗ ದೊಡ್ಡವರು ಮಕ್ಕಳಿಗೆ ಕೆಲಸ ಹೇಳುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ.

ಮಳೆಗಾಲ ಹಿಡಿಯುವ ಮೊದಲು ಅಕ್ಕನನ್ನು ಕರೆದೊಯ್ಯಲು ಬೀಗರು ಬರುವುದಿತ್ತು. ಅವರು ಬರುವ ಹಿಂದಿನ ದಿನ ಅಪ್ಪ, ಅವ್ವ ತಮ್ಮನನ್ನು ಕಟ್ಟಿಕೊಂಡು ಹಗರಿಬೊಮ್ಮನಹಳ್ಳಿಯ ಸಂತೆಗೆ ಹೊರಟರು, ಬೆಲ್ಲ, ಬಳೆ, ಕುಪ್ಪಸದ ಬಟ್ಟೆ ತರಲು. ಅಕ್ಕ ಕೌದಿಗಳನ್ನು ಹೊತ್ತು ಗೆಳತಿಯರ ಜೊತೆ ಬಾವಿಗೆ ಹೋದಳು.

"ಮನಿ ಹಸನ ಮಾಡಿ ಇಡು," ಎಂದು ಅವ್ವ ಹೊಸ್ತಿಲಲ್ಲಿ ನಿಂತು ಹೇಳಿದಳು. "ಬೀಗತಿ ಕಣ್ಣು ಭಾಳ ಚೂಪು. ಮೂಲ್ಯಾಗ ಒಂದೆಳಿ ಕಸ ಕಂಡ್ರ ಕೋಗಳಿ ತುಂಬ ಹೇಳಿ ಬರ್ತಾಳ."

ಈ ಮಾತು ನನ್ನ ತಲೆಗೆ ಹತ್ತಿತು. ಬೀಗರ ಮನೆಯ ನೆಲಕ್ಕೆ ಕಲ್ಲು ಹಾಸಿದ್ದಾರೆ ಎಂದು ಕೇಳಿದ್ದೆ. ನಮ್ಮ ಮನೆಯ ಹೆಸರಿನಲ್ಲಿ ಅಕ್ಕ ಅಲ್ಲಿ ಮಾತು ಕೇಳಬಾರದು ಎಂದು ಟೊಂಕ ಕಟ್ಟಿದೆ. ಎತ್ತಿನ ಗಂಜಲ ಬಳಿದು ಹೊರಗೆ ಚೆಲ್ಲಿದೆ. ಗಡಿಗೆಗಳ ಹೊಟ್ಟೆ ಒರೆಸಿದೆ. ನೆಲವನ್ನು ಸಗಣಿಯಿಂದ ಸಾರಿಸಿ, ಗೋಡೆಯ ಬುಡಕ್ಕೆ ಕೆಮ್ಮಣ್ಣು ಬಳಿದೆ. ಹಸಿ ಮಣ್ಣಿನ ವಾಸನೆ ಮನೆ ತುಂಬಿತು. ಸೊಂಟಕ್ಕೆ ಕೈ ಕೊಟ್ಟು ನಿಂತು ಸುತ್ತ ನೋಡಿದೆ. ಒಲೆಯ ಹಿಂದೆ, ಎತ್ತರದಲ್ಲಿ, ಹೊಗೆ ಹಿಡಿದು ಕಪ್ಪಾದ ಮೂರು ಸಗಣಿ ರೊಟ್ಟಿಗಳು ಕಂಡವು.

ಒಲೆಗೆ ಉರಿಸುವ ಕುಳ್ಳು ತಟ್ಟುವುದು ಮನೆಯ ಹೊರಗಿನ ಗೋಡೆಗೆ. ಯಾವಾಗಲೋ ಮಳೆ ಬಂದಾಗ ಅವ್ವ ಇವನ್ನು ಒಳಗೆ ತಟ್ಟಿ ಮರೆತಿದ್ದಾಳೆ ಎಂದುಕೊಂಡೆ. ಉಣ್ಣಲು ಕೂತ ಬೀಗತಿಯ ಎದುರಿಗೆ ಸಗಣಿ! ಒರಳಿನ ಮೇಲೆ ಹತ್ತಿ, ಕುಡುಗೋಲಿನ ತುದಿಯಿಂದ ಮೂರನ್ನೂ ಎಬ್ಬಿಸಿದೆ. ದಂಡವೂ ಆಗಬಾರದು ಎಂದು ಹಿತ್ತಲಿನಲ್ಲಿ ಉರಿಯುತ್ತಿದ್ದ ನೀರೊಲೆಗೆ ಹಾಕಿದೆ. ಗೋಡೆಯ ಕಲೆಗೆ ಕೆಮ್ಮಣ್ಣು ತೀಡಿದೆ. ಒಲೆಯಲ್ಲಿ ಚಟಪಟ ಸದ್ದಾಯಿತು. ಹುರಿದ ಬೀಜದ ವಾಸನೆ ಬಂತು. ನನಗೆ ಹಸಿವಾಯಿತು. ಅಷ್ಟಾದರೂ ನನ್ನ ತಲೆಗೆ ಹೊಳೆಯಲಿಲ್ಲ.

ಸಂಜೆಗೆ ಮುಂಚೆ ಸಂತೆಗೆ ಹೋದವರು ಬಂದರು. ಅಪ್ಪ ಒಳಗೆ ಕಾಲಿಟ್ಟು, "ಏ, ಇದು ನಮ್ಮನಿ ಹೌದಿಲ್ಲ?" ಎಂದ. ನಾನು ಉಬ್ಬಿದೆ. ಅವ್ವ ಬುಟ್ಟಿ ಇಳಿಸಿದಳು. ನೆಲ ನೋಡಿದಳು, ಗಡಿಗೆ ನೋಡಿದಳು, ಆಮೇಲೆ ಗೋಡೆ ನೋಡಿದಳು.

"ಅಲ್ಲಿದ್ದವು ಎಲ್ಲಿ?"

"ಯಾವು?"

"ಗೋಡಿಗೆ ಇದ್ದವು, ಮೂರು."

"ಆ ಕುಳ್ಳಾ? ನೀರೊಲಿಗೆ ಹಾಕೀನಿ."

ಅವ್ವ ಹಿತ್ತಲಿಗೆ ಓಡಿದಳು. ಎರಡು ಬೂದಿಯಾಗಿದ್ದವು. ಮೂರನೆಯದು ಒಲೆಯ ಬಾಯಿಗೆ ಜಾರಿ ಅರ್ಧ ಬೆಂದು ಉಳಿದಿತ್ತು. ಅದನ್ನು ಬರಿಗೈಯಲ್ಲಿ ಎಳೆದು, ನೆಲಕ್ಕೆ ಕುಟ್ಟಿ ಒಡೆದಳು. ಕಪ್ಪು ಬೀಜಗಳನ್ನು ಊದಿ ಚೆಲ್ಲಿದಳು. ಬೆಳ್ಳಗೆ ಉಳಿದದ್ದು ಒಂಬತ್ತು. ಅವನ್ನು ಸೆರಗಿನಲ್ಲಿ ಇಟ್ಟುಕೊಂಡು ಎದ್ದಳು. ನನಗೆ ಆಗ ಅರ್ಥವಾಯಿತು. ಬೆನ್ನ ಮೇಲೆ ಎರಡು ಏಟು ಬಿದ್ದವು. ಸುಳ್ಳು ಹೇಳುವುದಿಲ್ಲ, ಜೋರಾಗಿಯೇ ಬಿದ್ದವು.

ಒದ್ದೆ ಕೌದಿ ಹೊತ್ತು ಬಂದ ಅಕ್ಕ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು. "ಹೋಗ್ಲಿ ಬಿಡವ್ವ. ಕೋಗಳ್ಯಾಗ ಸೌತಿಕಾಯಿ ಸಿಗಂಗಿಲ್ಲೇನು?"

"ಸಿಗ್ತಾವ," ಎಂದಳು ಅವ್ವ. "ಕಹಿ ಅದಾವ."

ಅವ್ವ ಅತ್ತದ್ದನ್ನು ನಾನು ಕಂಡಿಲ್ಲ, ಅವತ್ತೂ ಅಳಲಿಲ್ಲ. ಒಂಬತ್ತು ಬೀಜವನ್ನು ಚಿಂದಿಯಲ್ಲಿ ಗಂಟು ಹಾಕಿ, ಹೋಳಿಗೆಗೆ ಬೇಳೆ ಇಟ್ಟಳು. ಅಪ್ಪ ಎತ್ತಿಗೆ ಮೇವು ಹಾಕುತ್ತ, "ನಾಕು ಆಕಿಗೆ ಕೊಡು, ಐದು ನಮಗಿರ್ಲಿ," ಎಂದ. ಅವ್ವ ಗಂಟನ್ನು ಬಿಚ್ಚಿ ಮತ್ತೊಮ್ಮೆ ಎಣಿಸಿದಳು. ಐದರಲ್ಲಿ ಒಂದೂ ಹುಟ್ಟದಿದ್ದರೆ? ನಾಲ್ಕರಲ್ಲಿ ಒಂದೂ ಹುಟ್ಟದಿದ್ದರೆ? ಕೇಳೋಣವೆಂದರೆ ಬೀಜ ಬೇರೆ ಯಾರ ಮನೆಯಲ್ಲೂ ಇರಲಿಲ್ಲ. ಇಲ್ಲದಂತೆ ಮಾಡಿದವಳು ಅವಳೇ. ಅದು ಅವಳಿಗೂ ಗೊತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಮರುದಿನ ಬೀಗತಿ ಬಂದಳು. ಒಳಗೆಲ್ಲ ಕಣ್ಣಾಡಿಸಿ, "ಎಷ್ಟ್ ಹಸನ ಇಟ್ಟೀರಿ ಮನಿ! ಒಂದು ಸಾಮಾನು ಹೆಚ್ಚಿಲ್ಲ ನೋಡ್ರಿ," ಎಂದಳು.

"ಎಲ್ಲಾ ನಮ್ಮ ಸಣ್ಣಾಕಿ ಕೆಲಸರಿ," ಎಂದಳು ಅವ್ವ.

ಹೊರಡುವಾಗ ಅವ್ವ ಆ ಚಿಂದಿಯ ಗಂಟನ್ನು ಅಕ್ಕನ ಸೆರಗಿಗೆ ಕಟ್ಟಿದಳು. "ಒಂಬತ್ತೂ ನಿನಗ. ಹೊಳಿ ನೀರು ಕೋಗಳಿ ತನಕ ಬರಂಗಿಲ್ಲ."

ಅಪ್ಪ, "ಮತ್ತ ನಮಗ?" ಎಂದ.

"ನಮ್ಮ ಗೋಡಿ ಹಿಂಗ ಹಸನ ಇರ್ಲಿ ಬಿಡು ಈ ವರ್ಷ," ಎಂದಳು.

ಆ ವರ್ಷ ನಮ್ಮ ಜೋಳದ ಸಾಲಿನಲ್ಲಿ ಬಳ್ಳಿ ಇರಲಿಲ್ಲ. ರೊಟ್ಟಿಯ ಜೊತೆ ಉಳ್ಳಾಗಡ್ಡಿ ಕಚ್ಚಿದೆವು. ಯಾರೂ ನನ್ನನ್ನು ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿರುತ್ತಿತ್ತು. ಕೋಗಳಿಯಲ್ಲಿ ಒಂಬತ್ತರಲ್ಲಿ ನಾಲ್ಕು ಹುಟ್ಟಿದವು. ದೀಪಾವಳಿಗೆ ಬಂದ ಅಕ್ಕ ಒಂದು ಮುಷ್ಟಿ ಬೀಜ ತಂದಳು. ಅವ್ವ ಅದರಲ್ಲಿ ಅರ್ಧ ಗೋಡೆಗೆ ತಟ್ಟಿದಳು. ಉಳಿದರ್ಧವನ್ನು ನನ್ನ ಕೈಯಲ್ಲಿ ಹಿಡಿಸಿ, ಓಣಿಯ ಐದು ಮನೆಗೆ ತಾನೇ ಹೋಗಿ ಹಂಚಿದಳು. ಓಣಿಯವರಿಗೆ ನಂಬಿಕೆ ಬರಲಿಲ್ಲ.

ಎದುರು ಮನೆಯ ಮುದುಕಿ ಬೀಜವನ್ನು ಬಿಸಿಲಿಗೆ ಹಿಡಿದು ನೋಡಿ, "ಹುರದು ಕೊಟ್ಟಿಲ್ಲ ಹೌದಿಲ್ಲ?" ಎಂದಳು.

"ಹುರಿಯಾಕಿ ಇಲ್ಲೇ ನಿಂತಾಳ, ಕೇಳು," ಎಂದಳು ಅವ್ವ.

ತಿರುಗಿ ಬರುವಾಗ ದಾರಿಯಲ್ಲಿ ಅವ್ವ ತನಗೆ ತಾನೇ ಹೇಳಿಕೊಂಡಳು: "ಒಂದ ಗೋಡಿ ನಂಬಿ ಕುಂತಿದ್ದೆ ನಾನು." ಅವಳು ತಪ್ಪು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೊಮ್ಮಕ್ಕಳೇ, ಈಗ ನಾವಿರುವುದು ಹಗರಿಬೊಮ್ಮನಹಳ್ಳಿಯಲ್ಲಿ. ನಿಮ್ಮಪ್ಪನದು ಆಫೀಸಿನ ಕೆಲಸ, ಎರಡು ಕೋಣೆಯ ಬಾಡಿಗೆ ಮನೆ. ಇದೂ ಸಣ್ಣದೇ. ಆದರೆ ಇಲ್ಲಿ ಬರುವ ಸಾಮಾನಿಗೆ ಕೊನೆ ಇಲ್ಲ. ಮುಚ್ಚಳ ಕಳೆದ ಡಬ್ಬಿ, ಯಾವ ಫೋನಿಗೂ ಹೊಂದದ ಚಾರ್ಜರು, ಗಾಲಿ ಕಿತ್ತ ಕಾರು. ನಮ್ಮ ಮನೆ ಓರಣವಾಗಿತ್ತು ಎಂದು ಹೇಳಿ ನಿಮ್ಮನ್ನು ಬಯ್ಯಲು ನಾನು ಇದನ್ನು ಬರೆಯಲಿಲ್ಲ. ಹರಡಲು ನಮ್ಮ ಹತ್ತಿರ ಏನೂ ಇರಲಿಲ್ಲ, ಅದಕ್ಕೆ ಓರಣವಾಗಿತ್ತು. ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ರಜೆ ಬಂದಾಗ ನಿಮ್ಮವ್ವನ ಜೊತೆ ಕೂತು ಇಟ್ಟುಕೊಳ್ಳುವುದು, ಕೊಡುವುದು, ಎಸೆಯುವುದು ಎಂದು ಮೂರು ಗುಡ್ಡೆ ಮಾಡುತ್ತೀರಲ್ಲ, ಅದು ನನಗೆ ಹಿಡಿಸುತ್ತದೆ. ನಿಮ್ಮದು ತಪ್ಪಾದರೂ ದೊಡ್ಡ ನಷ್ಟವಿಲ್ಲ. ಹೆಚ್ಚಿನವು ಅಂಗಡಿಯಲ್ಲಿ ಮತ್ತೆ ಸಿಗುತ್ತವೆ. ನಮ್ಮ ಮನೆಯಲ್ಲಿದ್ದದ್ದು ಕಡಿಮೆ, ಅದರಲ್ಲಿ ಒಂದು ಹೋದರೆ ಹೋಯಿತು.

ನಾನು ಅವತ್ತು ಯಾರನ್ನೂ ಕೇಳದೆ ಎಸೆದೆ. ನೀವು ಎಸೆಯುವ ಮೊದಲು ನನ್ನ ಕಪಾಟಿನ ಒಂದೊಂದನ್ನೂ ಎತ್ತಿ, "ಅಜ್ಜಿ, ಇದು ಬೇಕೇನು?" ಎಂದು ಕೇಳುತ್ತೀರಿ. ಅಷ್ಟರ ಮಟ್ಟಿಗೆ ನೀವು ನನಗಿಂತ ಶಾಣ್ಯಾರು. ಬೇಡದ್ದನ್ನು ಬೇಡ ಎಂದೇ ಹೇಳುತ್ತೇನೆ, ಹೆದರಬೇಡಿ. ಆದರೆ ಹೋದ ವಾರ ನಾನು ಬಾಯಿ ತೆರೆಯುವುದರೊಳಗೆ ನೀವು ಎತ್ತಿ ಹಿಡಿದದ್ದು ಕಸದ ಚೀಲಕ್ಕೆ ಬಿದ್ದಾಗಿತ್ತು. ಕೇಳಿದ ಮೇಲೆ ಒಂದಿಷ್ಟು ನಿಲ್ಲಿರಿ. ಯಾವುದು ಯಾಕೆ ಇಟ್ಟಿದ್ದೆ ಎಂದು ನನಗೆ ನೆನಪಾಗಲು ಹೊತ್ತು ಹಿಡಿಯುತ್ತದೆ.