ನಾನು ಹೋಗದ ಮನೆಯಲ್ಲಿ ಕುಡಿದ ಬೆಲ್ಲ ನೀರು

ದರ್ಶನವಾಯಿತು, ಕನಸಿನಲ್ಲಿ ಮಾತೆ ಬಂದರು ಎಂದು ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹಾಲು ಉಕ್ಕಿ ಚೆಲ್ಲದೆ ಉಳಿದದ್ದಕ್ಕೂ, ಒಗೆದ ಬಟ್ಟೆ ಮಳೆಗೆ ಮೊದಲೇ ಒಣಗಿದ್ದಕ್ಕೂ ದೇವರಿಗೆ ಸ್ತೋತ್ರ ಹೇಳುವವಳು ನಾನು. ದೇವರ ದಯೆ ಎಂದರೆ ನನ್ನ ಪಾಲಿಗೆ ಅಡುಗೆಮನೆಯೊಳಗೆ ಹಿಡಿಸುವಷ್ಟು ಗಾತ್ರದ್ದು. ಹಾಗಾಗಿ ಈಗ ಬರೆಯುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ತಮ್ಮ ಲ್ಯಾನ್ಸಿ ಸಿದ್ಧಕಟ್ಟೆಯಿಂದ ಬೈಕಿನಲ್ಲಿ ಮನೆಗೆ ಬರುವಾಗ ಪಿಕಪ್ ಗುದ್ದಿ ಸತ್ತ. ಓಡಿಸುತ್ತಿದ್ದವ ನಮ್ಮದೇ ವಾರ್ಡಿನ ವಿಲ್ಲಿ. ಕುಡಿದಿದ್ದ. ಗುದ್ದಿದ್ದನ್ನಾದರೂ ಕ್ಷಮಿಸಬಹುದಿತ್ತೋ ಏನೋ, ಅವನು ನಿಲ್ಲಿಸಲಿಲ್ಲ. ತಮ್ಮ ಚರಂಡಿಯಲ್ಲಿ ಒಂದು ಗಂಟೆ ಬದುಕಿದ್ದನಂತೆ. ವಿಲ್ಲಿ ಜೈಲಿಗೆ ಹೋದ, ಬಂದ, ಕುಡಿತ ಬಿಟ್ಟ, ಇಗರ್ಜಿಯ ಕೊನೆಯ ಬೆಂಚಿನಲ್ಲಿ ಕೂರತೊಡಗಿದ. ತಪ್ಪಿಹೋದ ಕುರಿಯನ್ನು ದೇವರು ಹೆಗಲ ಮೇಲೆ ಹೊತ್ತು ತರುತ್ತಾನೆ ಎಂದು ಫಾದರ್ ಪ್ರಸಂಗದಲ್ಲಿ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಆ ಕುರಿ ಯಾರನ್ನು ತುಳಿದು ಹೋಗಿತ್ತು ಎಂದು ಯಾರಾದರೂ ವಿಚಾರಿಸಿದ್ದಾರೆಯೇ?

ಅಕ್ಟೋಬರ್ ತಿಂಗಳಲ್ಲಿ ನಮ್ಮಲ್ಲಿ ಮಾತೆ ಮರಿಯಮ್ಮನವರ ಪ್ರತಿಮೆ ಮನೆಯಿಂದ ಮನೆಗೆ ಹೋಗುತ್ತದೆ. ಒಂದು ದಿನ ಒಂದು ಮನೆಯಲ್ಲಿ. ಮರುದಿನ ಸಂಜೆ ಆ ಮನೆಯವರೇ ಎತ್ತಿಕೊಂಡು ಮುಂದಿನ ಮನೆಗೆ ಮುಟ್ಟಿಸಬೇಕು, ವಾರ್ಡಿನವರೆಲ್ಲ ಅಲ್ಲಿ ಕೂಡಿ ಜಪಸರ ಹೇಳಬೇಕು. ನಮ್ಮ ನಂತರದ ಸರದಿ ವಿಲ್ಲಿಯದು. ಪಟ್ಟಿ ಮಾಡುವಾಗ ವಾರ್ಡಿನ ಗುರಿಕಾರರು ನನ್ನ ಮುಖ ನೋಡಿದರು. ಆ ಮನೆಗೆ ಮಾತೆ ಹೋಗುವುದಾದರೆ ನನ್ನ ಮನೆಗೆ ಬರುವುದು ಬೇಡ ಎಂದೆ. ಅವರು ವಿಲ್ಲಿಯ ಹೆಸರು ಹೊಡೆದುಹಾಕಿದರು. ಉಳಿದವರು ತಂತಮ್ಮ ಸರದಿಯ ದಿನ ಬರೆದುಕೊಂಡರು.

ಪ್ರತಿಮೆಯನ್ನು ನಮ್ಮ ಮನೆಯಿಂದ ಕಳುಹಿಸುವ ದಿನ ನನಗೆ ದವಡೆ ಹಲ್ಲಿನ ನೋವು ತಡೆಯಲಾಗಲಿಲ್ಲ. ಪಕ್ಕದ ಮನೆಯ ಝೊಹರಾಳನ್ನು ಕರೆದುಕೊಂಡು ಬಸ್ಸಿನಲ್ಲಿ ಮೂಡುಬಿದಿರೆಗೆ ಹೋದೆ. ಮೂರು ಗಂಟೆಗೆ ಡಾಕ್ಟರು ಹಲ್ಲು ಕಿತ್ತರು, ರಾತ್ರಿಯವರೆಗೆ ಮಾತಾಡಬೇಡಿ ಎಂದರು. "ಇವತ್ತು ನಿನ್ನ ಗಂಡನಿಗೆ ಹಬ್ಬ ಮಾರಾಯ್ತಿ" ಎಂದು ಝೊಹರಾ ಬಸ್ಸಿನುದ್ದಕ್ಕೂ ನಗಾಡಿದಳು. ಸಂಜೆ ಊದಿದ ಕೆನ್ನೆಗೆ ಸೆರಗು ಮುಚ್ಚಿ, ಪ್ರತಿಮೆ ಎತ್ತಿಕೊಂಡು ಹೊರಟೆ.

ವಿಲ್ಲಿಯ ಮನೆ ರಸ್ತೆ ಬದಿಯಲ್ಲೇ ಉಂಟು. ದಾಟಿ ಮುಂದಿನ ಮನೆಗೆ ಹೋಗಬೇಕಿತ್ತು. ಎಲ್ಲರೂ ಹಾಡು ಹೇಳುತ್ತಾ ತಿರುವಿಗೆ ಬಂದರೆ, ಅವನ ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಜಗಲಿಯಲ್ಲಿ ಮೇಜಿಗೆ ಬಿಳಿ ಬಟ್ಟೆ, ಎರಡು ಮೇಣದ ಬತ್ತಿ, ಅಬ್ಬಲಿಗೆ ಹೂ. ಅವನ ಹೆಂಡತಿಯೂ ಐದು ವರ್ಷದ ಮಗಳೂ ಇಸ್ತ್ರಿ ಹಾಕಿದ ಬಟ್ಟೆ ತೊಟ್ಟು ನಿಂತಿದ್ದಾರೆ. ಹಾಡು ನಿಂತುಹೋಯಿತು. ಗುರಿಕಾರರು ಹತ್ತಿರ ಹೋಗಿ, ಇಲ್ಲಿಗೆ ಬರುತ್ತದೆ ಎಂದು ನಿನಗೆ ಯಾರು ಹೇಳಿದ್ದು ಎಂದು ತಗ್ಗಿದ ದನಿಯಲ್ಲಿ ಕೇಳಿದರು.

ವಿಲ್ಲಿ ನನ್ನ ಕಡೆ ನೋಡಿದ. "ಅಕ್ಕನೇ ಬಂದು ಹೇಳಿದ್ದಲ್ವಾ. ಮೂರು ಗಂಟೆಗೆ."

ಇಂಥ ಸುಳ್ಳು ಹೇಳಲು ಇವನಿಗೆ ನಾಲಗೆಯಾದರೂ ಹೇಗೆ ಬಂತು! ಆಗ ಅವನ ಹೆಂಡತಿ ಹೇಳಿದಳು: "ಇದೇ ಜಗಲಿಯಲ್ಲಿ ಕೂತಿರಿ ಅಕ್ಕಾ. ಸಂಜೆ ಮಾತೆಯನ್ನು ತರ್ತೇನೆ, ಬಾಗಿಲು ಹಾಕ್ಬೇಡಿ ಅಂದಿರಿ. ಬೆಲ್ಲ ನೀರು ಕೊಟ್ಟೆ. ಬೆಲ್ಲದ ತುಂಡು ಕಚ್ಚಿ ಎರಡು ಮಾಡಿ ಅರ್ಧ ಇವಳ ಕೈಗೆ ಹಾಕಿದಿರಿ. ನೆನಪಿಲ್ವಾ?"

ಬೆಲ್ಲ ಹಾಗೆ ಕಚ್ಚಿ ಮಕ್ಕಳ ಕೈಗೆ ಹಾಕುವುದು ಲ್ಯಾನ್ಸಿಯ ಅಭ್ಯಾಸ. ಎಂಜಲು ಕೊಡಬೇಡ ಎಂದು ನಾನೇ ಅವನಿಗೆ ಎಷ್ಟೋ ಸಲ ಬೈದಿದ್ದೇನೆ. ಅಕ್ಕ ತಮ್ಮನದು ಒಂದೇ ಅಚ್ಚಿನ ಮುಖ ಎಂದು ಊರಿನವರು ಹೇಳುತ್ತಿದ್ದರು.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಅಲ್ಲ ಎಂದು ಒಮ್ಮೆ ತಲೆ ಅಲ್ಲಾಡಿಸಿದ್ದರೆ ಸಾಕಿತ್ತು, ಆ ಮಗುವಿನ ಎದುರೇ ಅಪ್ಪನ ಮರ್ಯಾದೆ ಮಣ್ಣುಪಾಲಾಗುತ್ತಿತ್ತು. ಬಾಯಿ ಊದಿದ್ದು ನಿಜ, ಕುತ್ತಿಗೆಗೇನೂ ಆಗಿರಲಿಲ್ಲ. ಆದರೆ ನಾನು ತಲೆ ಅಲ್ಲಾಡಿಸಲಿಲ್ಲ. ಮೆಟ್ಟಿಲು ಹತ್ತಿ ಪ್ರತಿಮೆಯನ್ನು ಆ ಬಿಳಿ ಬಟ್ಟೆಯ ಮೇಲೆ ಇಟ್ಟೆ. ತಮ್ಮ ಸತ್ತಂದಿನಿಂದ ಪ್ರಾರ್ಥನೆಯಲ್ಲಿ, ತಪ್ಪು ಮಾಡಿದವರನ್ನು ನಾವು ಕ್ಷಮಿಸುತ್ತೇವೆ ಎನ್ನುವ ಸಾಲು ಬಂದಾಗ ನಾನು ಸುಮ್ಮನಾಗುತ್ತಿದ್ದೆ. ಅವತ್ತು ಬಾಯಿಯೇ ತೆರೆಯುವಂತಿರಲಿಲ್ಲ. ಆ ಸಾಲನ್ನು ಮನಸ್ಸಿನಲ್ಲಿ ಹೇಳಿದೆನೋ ಬಿಟ್ಟೆನೋ, ನನಗೇ ಗೊತ್ತಿಲ್ಲ.

ಮರುದಿನದಿಂದ ನನ್ನ ದೊಡ್ಡ ಮನಸ್ಸನ್ನು ಹೊಗಳುವವರು ಶುರುವಾದರು. ಪಟ್ಟಿಯಿಂದ ಹೆಸರು ಹೊಡೆಯುವಾಗ ಬಾಯಿ ಮುಚ್ಚಿ ಕೂತವರು ಇವರೇ. ಇವತ್ತಿಗೂ ವಿಲ್ಲಿ ಕೂತ ಬೆಂಚಿನಲ್ಲಿ ಕೂರದವರೂ ಇವರೇ. ನನ್ನನ್ನು ಹೊಗಳಿದರೆ ಅವರ ಕೆಲಸ ಮುಗಿಯಿತೇ? ನನ್ನ ಗಂಡನ ಪ್ರಕಾರ ಲ್ಯಾನ್ಸಿಯ ಅಭ್ಯಾಸ ವಿಲ್ಲಿಗೂ ಗೊತ್ತಿತ್ತು, ಎಲ್ಲ ಕಟ್ಟಿದ ಕತೆ. ಇರಬಹುದು. ಆದರೆ ನಾನು ಒಂದು ತಲೆ ಅಲ್ಲಾಡಿಸಿದರೆ ಮುರಿದುಬೀಳುವ ಕತೆಯನ್ನು ಯಾರು ಕಟ್ಟುತ್ತಾರೆ? ಝೊಹರಾಳನ್ನು ಎಷ್ಟು ಸಲ ಕೇಳಿದರೂ ಅವಳದು ಒಂದೇ ಉತ್ತರ: "ಮೂರು ಗಂಟೆಗೆ ನಿನ್ನ ಕೈ ಹಿಡ್ಕೊಂಡು ಕೂತದ್ದು ನಾನು. ಇನ್ನೊಬ್ಬಳು ಯಾರೆಂದು ಪಡೆದವನಿಗೇ ಗೊತ್ತು."

ಅವಳು ಪಡೆದವನು ಎನ್ನುವ ಆ ದೇವರ ಮೇಲೆಯೇ ನನ್ನ ದೊಡ್ಡ ಸಿಟ್ಟು. ಕಳೆದುಕೊಂಡವಳು ನಾನು. ನನ್ನನ್ನು ಒಂದು ಮಾತು ಕೇಳದೆ, ನನ್ನ ಮುಖ ಹಾಕಿಕೊಂಡು ಹೋಗಿ, ನಾನು ಕೊಡದ ಕ್ಷಮೆಯನ್ನು ಕೊಟ್ಟು ಬಂದವರು ಯಾರು? ಮೂರು ವರ್ಷದಿಂದ ದಿನಾ ಸಂಜೆ ಕೇಳುತ್ತಿದ್ದೇನೆ.

ಮೊನ್ನೆ ಪೂಜೆ ಮುಗಿದ ಮೇಲೆ ವಿಲ್ಲಿಯ ಮಗಳು ಬಂದು ನನ್ನೆದುರು ಅಂಗೈ ಚಾಚಿದಳು. "ಅವತ್ತಿನ ಹಾಗೆ ಅರ್ಧ ಕೊಡ್ತೀರಾ?" ಎಂದು ಕೇಳಿದಳು. ಅದು ನಾನಲ್ಲ ಮಗೂ ಎನ್ನಲು ಬಾಯಿ ತೆರೆದೆ. ಈಗ ಹಲ್ಲು ನೋವೂ ಇಲ್ಲ, ಯಾವ ಡಾಕ್ಟರರ ಅಡ್ಡಿಯೂ ಇಲ್ಲ. ಆದರೂ ಮಾತು ಹೊರಡಲಿಲ್ಲ.