ಅಳಿಯ ತಡೆದ ಮಳೆ

ಹವಾಮಾನ ಕಚೇರಿಯಲ್ಲಿದ್ದರೂ ಆತನ ಕೆಲಸ ಮೋಡ ನೋಡುವುದಲ್ಲ. ಮೋಡ ನೋಡುವವರು ಮೇಲಿನ ಮಹಡಿಯಲ್ಲಿದ್ದರು. ಅವರು ಕಳಿಸಿದ ಅಂಕಿಗಳನ್ನು ಜನರ ಮಾತಿಗೆ ಇಳಿಸಿ ಪತ್ರಿಕೆಗೂ ರೇಡಿಯೋಗೂ ಕೊಡುವುದು ಕೆಳಗಡೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತ ಈತನ ಪಾಲಿಗೆ ಬಂದಿತ್ತು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಆತ ಪಳಗಿದ ಕೈ. 'ಅಲ್ಲಲ್ಲಿ', 'ಆಗಾಗ', 'ಸಾಧ್ಯತೆ' ಇಲ್ಲದ ವಾಕ್ಯ ಆತನ ಮೇಜಿನಿಂದ ಹೊರಗೆ ಹೋದದ್ದಿಲ್ಲ. ಹಾಗಾಗಿ ಆತನ ಮುನ್ಸೂಚನೆ ಒಮ್ಮೆಯೂ ಸುಳ್ಳಾಗಿರಲಿಲ್ಲ. ಯಾರ ಉಪಯೋಗಕ್ಕೂ ಬಂದಿರಲಿಲ್ಲ, ಆ ಮಾತು ಬೇರೆ. ಕಚೇರಿಯವರು ಆತನನ್ನು ಕರೆಯುತ್ತಿದ್ದದ್ದೇ ಸಾಧ್ಯತೆ ಎಂದು.

ಕಚೇರಿಯ ಚಾಳಿ ಮನೆಗೂ ಬಂದಿತ್ತು. ಉಪ್ಪು ಸರಿಯಾಗಿದೆಯಾ ಎಂದು ಹೆಂಡತಿ ಕೇಳಿದರೆ, "ಅಲ್ಲಲ್ಲಿ ಸರಿಯಾಗಿದೆ" ಎನ್ನುತ್ತಿದ್ದ. ಮದುವೆಗೆ ಮೊದಲು ಮಾವ, "ನನ್ನ ಮಗಳನ್ನ ಚೆನ್ನಾಗಿ ನೋಡ್ಕೋತೀರಲ್ಲ?" ಎಂದಾಗಲೂ, "ಆ ಸಾಧ್ಯತೆ ಹೆಚ್ಚಿದೆ" ಎಂದಿದ್ದನಂತೆ. ಮಾವ ಅದನ್ನು ವಿನಯ ಅಂದುಕೊಂಡರು. ಪಾಪ, ಒಳ್ಳೆಯ ಮನುಷ್ಯ.

ಆ ಸಲ ಬೇಸಿಗೆ ಮುಗಿಯುತ್ತ ಬಂದರೂ ಸೆಕೆ ಇಳಿಯಲಿಲ್ಲ. ಊರಾಚೆಯ ಗುಡ್ಡಗಳಲ್ಲಿ ಕಾಡ್ಗಿಚ್ಚು ಬೇರೆ. ನಮ್ಮ ಸಾಧ್ಯತೆ ಆ ವಾರಕ್ಕೆ ಬರೆದ ಮುನ್ನೋಟ ಹೀಗಿತ್ತು: "ತಾಪಮಾನ ಏರಬಹುದು. ಅಲ್ಲಲ್ಲಿ ಮಳೆಯಾಗುವ ಸಾಧ್ಯತೆಯಿದೆ. ಗಾಳಿಯ ದಿಕ್ಕಿಗೆ ತಕ್ಕಂತೆ ಆಗಾಗ ಹೊಗೆ ಕವಿಯಬಹುದು." ಬರೆದು ತಾನೇ ಎರಡು ಸಲ ಓದಿಕೊಂಡು ಹಿಗ್ಗಿದ. ಬಿಸಿಲು ಬಂದರೂ ಸೈ, ಮಳೆ ಬಂದರೂ ಸೈ, ಎರಡೂ ಕಾಣದಷ್ಟು ಹೊಗೆ ಬಂದರೂ ಸೈ.

ಭಾನುವಾರ ಮಾವನ ಮನೆಯಲ್ಲಿ ಊಟ. ಮಾವನವರ ಮಲಗುವ ಕೋಣೆ ಮಹಡಿಯ ಮೇಲಿತ್ತು. ಅದರ ಮೇಲೆ ತುಕ್ಕು ಹಿಡಿದ ತಗಡಿನ ಶೀಟು. ಮಧ್ಯಾಹ್ನವಾದರೆ ಒಳಗೆ ಕಾವಲಿಯ ಮೇಲೆ ಕೂತ ಹಾಗೆ. ಹಳೆಯದನ್ನು ಕಿತ್ತು ಹೊಸದು ಹಾಕಿಸಬೇಕು, ಶೀಟಿನವನು ಶನಿವಾರ ಬರುತ್ತಾನೆ, ಆದರೆ ಮಳೆಯ ಭಯ.

"ಅಳಿಯಂದ್ರೇ, ನೀವೇ ಹೇಳಿ. ಶನಿವಾರ ಬಿಚ್ಚಿಸ್ಲಾ?" ಎಂದರು ಮಾವ.

ಆತ ನೀರು ಕುಡಿದ, ಗಂಟಲು ಸರಿಮಾಡಿಕೊಂಡ. "ಪರಿಸ್ಥಿತಿ ನೋಡಿದ್ರೆ..."

ಎದುರಿಗೆ ಕೂತಿದ್ದ ಷಡ್ಡಕ, ಎಂದರೆ ಹೆಂಡತಿಯ ಅಕ್ಕನ ಗಂಡ, ಪಕಪಕನೆ ನಕ್ಕ. ಆತನದು ಟೈರು ಅಂಗಡಿ. ಗಾಳಿ ಇದೆಯೋ ಇಲ್ಲವೋ ಎರಡೇ ಮಾತು. "ಮಾವ, ಕಲ್ಲಿಂದ ನಾರು ತೆಗೀಬಹುದು, ಇವರ ಬಾಯಿಂದ ಹೌದು ಅಂತ ತೆಗೆಯೋಕಾಗಲ್ಲ. ಇಷ್ಟು ವರ್ಷ ಸರ್ಕಾರದ ಫ್ಯಾನಿನ ಕೆಳಗೆ ಕೂತು ಕಲಿತದ್ದು ಇಷ್ಟೇ."

ಹೆಂಡತಿ ಗಂಡನ ಪರವಾಗಿ ಏನಾದರೂ ಹೇಳುತ್ತಾಳೆಂದು ಆತ ಕಾದ. ಅವಳು ತಲೆ ತಗ್ಗಿಸಿ ನಗು ನುಂಗುತ್ತಿದ್ದಳು. ಅದು ಚುಚ್ಚಿತು.

"ಮಳೆ ಬರಲ್ಲ," ಎಂದುಬಿಟ್ಟ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಹೊಗೆನೂ ಈ ಕಡೆ ಬರಲ್ಲ. ಬೇಕಾದ್ರೆ ಬರೆದುಕೊಡ್ತೀನಿ. ಧೈರ್ಯವಾಗಿ ಬಿಚ್ಚಿಸಿ."

ಮಾವನಿಗೆ ಕಣ್ಣು ತುಂಬಿ ಬಂತು. ಅತ್ತೆ ಆತನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಅನ್ನ ಬಡಿಸಿದರು. ಮನೆಗೆ ಹೋಗುವಾಗ ಆತನ ನಡಿಗೆಯೇ ಬೇರೆಯಾಗಿತ್ತು.

ಶನಿವಾರ ಬೆಳಿಗ್ಗೆ ಶೀಟಿನವನು ಆಕಾಶ ನೋಡಿ ತಲೆ ಕೆರೆದುಕೊಂಡ. "ನನ್ನ ಅಳಿಯ ಹವಾಮಾನದವರು ಕಣಯ್ಯಾ" ಎಂದು ಮಾವ ಗದರಿದ ಮೇಲೆ ಒಂದೊಂದಾಗಿ ಶೀಟು ಕೆಳಗಿಳಿಯಿತು. ಕೋಣೆ ಬಟಾಬಯಲಾಯಿತು. ಬಿಸಿಲು ನೇರ ಮಂಚದ ಮೇಲೆ. ಊಟದ ಹೊತ್ತಿಗೆ ಗಾಳಿ ತಿರುಗಿ ಗುಡ್ಡದ ಹೊಗೆಯೆಲ್ಲ ಬಂದು ಗೋಡೆಗಳ ನಡುವೆ ನಿಂತಿತು. ಎಲ್ಲರೂ ಕೆಮ್ಮುತ್ತ ಕಣ್ಣೊರೆಸಿಕೊಳ್ಳುತ್ತಿರುವಾಗಲೇ ಮಳೆ ಹುಯ್ಯತೊಡಗಿತು. ಹೊಗೆಯೊಳಗಿನಿಂದ ಇಳಿದ ನೀರು, ಮಸಿ ಕಲಸಿದ ಹಾಗೆ. ಹಾಸಿಗೆ, ದಿಂಬು, ಬೀರುವಿನ ಮೇಲಿಟ್ಟ ಅತ್ತೆಯ ರೇಷ್ಮೆ ಸೀರೆಯ ಗಂಟು, ಯಾವುದನ್ನೂ ಅದು ಬಿಡಲಿಲ್ಲ.

ಕರೆ ಬಂದು ಆತ ಹೆಂಡತಿಯೊಡನೆ ಓಡಿಹೋದಾಗ ಮಾವ ಟಾರ್ಪಾಲಿನ ಒಂದು ಮೂಲೆ ಹಿಡಿದು ಸ್ಟೂಲಿನ ಮೇಲೆ ನಿಂತಿದ್ದರು. ಈತ ಇನ್ನೊಂದು ಮೂಲೆ ಹಿಡಿದ. ಆಗಲೇ ಜೇಬಿನಲ್ಲಿ ಫೋನ್. ಎರಡೂ ಕೈ ಮೇಲಿದ್ದುದರಿಂದ ಹೆಂಡತಿಯೇ ತೆಗೆದು, ಸ್ಪೀಕರ್ ಒತ್ತಿ, ಆತನ ಮುಖದ ಮುಂದೆ ಹಿಡಿದಳು.

"ಶಹಭಾಸ್ ಕಣ್ರೀ!" ಎಂದರು ಮೇಲಧಿಕಾರಿ. "ಬಿಸಿಲು, ಹೊಗೆ, ಮಳೆ, ಮೂರೂ ನೀವು ಬರೆದ ಹಾಗೇ ಬಂತು!"

ಮಾವ ಸ್ಟೂಲಿನ ಮೇಲಿಂದಲೇ ಕೇಳಿಸಿಕೊಂಡರು. ಮೀಸೆಯಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು.

"ಊರಿಗೆಲ್ಲಾ ಮೂರೂ ಬರುತ್ತೆ ಅಂದ್ರಿ," ಎಂದಳು ಹೆಂಡತಿ. "ನಮ್ಮಪ್ಪನಿಗೆ ಮಾತ್ರ ಮಳೆನೂ ಬರಲ್ಲ, ಹೊಗೆನೂ ಬರಲ್ಲ ಅಂದ್ರಿ."

"ಊರಿಗೆ ಹೇಳುವಾಗ ನಾನು ಏನೂ ಹೇಳಿರಲಿಲ್ಲ ಕಣೇ," ಎಂದ ಆತ. ಬಹುಶಃ ಅಂದು ಆತ ಆಡಿದ ಒಂದೇ ನಿಜ.

ಹೊಸ ಶೀಟು ಹಾಕುವ ತನಕ ಅತ್ತೆ-ಮಾವ ಆತನ ಎರಡು ಕೋಣೆಯ ಮನೆಗೆ ಬಂದರು. ಮಳೆ ಹಿಡಿದದ್ದು ಬಿಡಲಿಲ್ಲ. ಶೀಟಿನವನು ಇತ್ತ ತಲೆ ಹಾಕಲಿಲ್ಲ. ಕಿಟಕಿ ಪಕ್ಕದ ಮಂಚ ಮಾವನದಾಯಿತು, ಅಡುಗೆಮನೆಯ ನೆಲ ಅಳಿಯನದು. ಷಡ್ಡಕ ದಿನಾ ಸಂಜೆ ಮಾವನ ಆರೋಗ್ಯ ವಿಚಾರಿಸುವ ನೆಪದಲ್ಲಿ ಬಂದು, ಈತನನ್ನು ನೋಡಿ ತೃಪ್ತಿಯಿಂದ ಹೋಗುತ್ತಿದ್ದ. ಮಾವ ಜಗಳವಾಡಲಿಲ್ಲ, ಬೈಯಲಿಲ್ಲ. ಹವೆಯ ಬಗ್ಗೆ ಏನಾದರೂ ತಿಳಿಯಬೇಕೆನಿಸಿದರೆ ಎದ್ದು ಹೋಗಿ, ಎದುರುಮನೆಯ ಹಲ್ಲಿನ ಡಾಕ್ಟರನ್ನು ಕೇಳಿಕೊಂಡು ಬರುತ್ತಿದ್ದರು.

ಅತ್ತೆಯದು ಮಾತ್ರ ಒಂದೇ ಕೆಲಸ. ಮಸಿ ಹಿಡಿದ ಹೊದಿಕೆಗಳನ್ನು ನೆನೆಸುವುದು, ಉಜ್ಜುವುದು, ಮತ್ತೆ ನೆನೆಸುವುದು. ಒಂದು ಬೆಳಿಗ್ಗೆ ಕಚೇರಿಗೆ ಹೊರಟವನನ್ನು ಬಚ್ಚಲಿನ ಬಾಗಿಲಲ್ಲಿ ತಡೆದು ಒದ್ದೆ ಹೊದಿಕೆಯ ಒಂದು ತುದಿ ಕೈಗೆ ಕೊಟ್ಟರು. ಆತ ಅಂಗಿಯ ತೋಳು ಮಡಚಿ ತಿರುಚಿದ. ಕಪ್ಪು ನೀರು ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಇಳಿಯಿತು.

"ಇನ್ನೂ ಬಿಗಿಯಾಗಿ ಹಿಂಡಿ," ಎಂದರು ಅತ್ತೆ. "ಒಳಗೆ ಬೇಕಾದಷ್ಟಿದೆ."