ಲೋಕೇಶ ತಿರುಗಿಸಿದ ಫೇಡರ್

ಎರಡು ವರ್ಷದ ಹಿಂದಿನ ಮಾತು. ಆಗ ನಾನು ಹುಣಸೂರಿನ ಒಂದು ಚಿತ್ರಮಂದಿರದಲ್ಲಿ ಆಪರೇಟರ್. ರೀಲಿನ ಕಾಲದಿಂದಲೂ ಅದೇ ಕ್ಯಾಬಿನ್ನಿನಲ್ಲಿ ಇದ್ದವನು. ಈ ಕೆಲಸದಲ್ಲಿ ಯಾರೂ ಬರೆದಿಡದ ಒಂದು ಪದ್ಧತಿಯಿದೆ. ಹೀರೋ ಬರುವ ಹೊತ್ತಿಗೆ ಸರಿಯಾಗಿ ಫೇಡರನ್ನು, ಅಂದರೆ ಸೌಂಡ್ ಏರಿಸಿ ಇಳಿಸುವ ಗುಂಡಿಯನ್ನು, ಐದರಿಂದ ಆರೂವರೆಗೆ ತಿರುಗಿಸಬೇಕು. ಎದೆ ನಡುಗದಿದ್ದರೆ ಅಭಿಮಾನಿಗೆ ಸಿನಿಮಾ ನೋಡಿದ ಹಾಗೇ ಅಲ್ಲ.

ಒಂದು ಸೂಪರ್‌ಹೀರೋ ಚಿತ್ರದ ಮೊದಲ ಭಾಗ ಬಂದಾಗ ಸರಿಯಾಗಿ ಅದೇ ಹೊತ್ತಿಗೆ ಸ್ಪೀಕರ್ ಕೈಕೊಟ್ಟಿತು. ಹೀರೋನ ತಮಟೆ ಥೀಮ್ ಕೀರಲಾಗಿ ಕೇಳಿಸಿತು. ಸ್ಪೀಕರ್ ಬದಲಿಸಿ ಎಂದು ಮಾಲೀಕರಿಗೆ ನಾನು ಮೊದಲೇ ಬಡಕೊಂಡಿದ್ದೆ. ಅದು ಯಾರಿಗೂ ಬೇಕಿರಲಿಲ್ಲ. ಅಭಿಮಾನಿ ಸಂಘದ ಅಧ್ಯಕ್ಷ, ಮಿರ್ಲೆಯ ಲೋಕೇಶ, ನನ್ನನ್ನು ಎಳೆದು ತಂದು ಪರದೆಯ ಮುಂದೆ ನಿಲ್ಲಿಸಿದ. ಕೈಮುಗಿಸಿ ತಪ್ಪಾಯಿತು ಅನ್ನಿಸಿದ. ಆ ವಿಡಿಯೋ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತನಕ ಓಡಾಡಿತು. ಹಂಪಾಪುರದಲ್ಲಿರುವ ಮಗಳ ಮನೆಗೆ ಹೋದರೆ ಬೀಗರೂ ನೋಡಿಬಿಟ್ಟಿದ್ದರು. ಮೊಬೈಲ್ ಮಗುಚಿಟ್ಟು ಕಾಫಿ ಕೊಟ್ಟರು. ಅವತ್ತು ಹೊಟ್ಟೆಯೊಳಗೆ ಬಿದ್ದ ಕೆಂಡವನ್ನು ನಾನು ಆರಲು ಬಿಡಲಿಲ್ಲ.

ಎರಡನೇ ಭಾಗ ಬರುವ ಹೊತ್ತಿಗೆ ಹೊಸ ಸಂಗೀತ ನಿರ್ದೇಶಕ ತಮಟೆ ಕಿತ್ತು ಪಿಟೀಲು ಹಾಕಿದ್ದಾನಂತೆ ಎಂಬ ಗಾಳಿಸುದ್ದಿ ಹಬ್ಬಿತ್ತು. ಹುಡುಗರಿಗೆ ಊಟ ಸೇರುತ್ತಿರಲಿಲ್ಲ. ಮಾಲೀಕರು ಕೊನೆಗೂ ಹಾಕಿಸಿದ ಹೊಸ ಸ್ಪೀಕರುಗಳಿಗೆ ಲೋಕೇಶ ಕುಂಕುಮ ಹಚ್ಚಿ ಬೂದುಗುಂಬಳ ಒಡೆಸಿದ. ಮಾಲೀಕರು ಮಾತ್ರ ನನ್ನನ್ನು ಕರೆದು, ಇನ್ನೊಂದು ದೂರು ಬಂದರೆ ಬೀಗದ ಕೈ ಕೊಟ್ಟು ಮನೆಗೆ ನಡಿ ಎಂದರು.

ಬಿಡುಗಡೆಯ ಹಿಂದಿನ ಮಧ್ಯಾಹ್ನ ಟ್ರಯಲ್ ಹಾಕಿ ನೋಡಿದೆ. ತಮಟೆ ಇತ್ತು. ಆದರೆ ಹೀರೋ ಬಂದು ನಿಂತು ಕಣ್ಣು ತೆರೆಯುವ ತನಕ, ಮುಕ್ಕಾಲು ನಿಮಿಷ, ಒಂದು ಚೂರೂ ಸದ್ದಿಲ್ಲ; ಆಮೇಲೆ ಒಮ್ಮೆಲೇ ತಮಟೆ. ನೋಡಿದ ಕೂಡಲೇ ಲೋಕೇಶ ನೆನಪಾದ. ಸಂಘದವರಿಗೆ ಮುಂಚಿತವಾಗಿ ಹೇಳಬಹುದಿತ್ತು. ಹೇಳಲಿಲ್ಲ.

ಮೊದಲ ಪ್ರದರ್ಶನ. ಹೀರೋ ಬಂದ, ಸದ್ದು ನಿಂತಿತು. ಶಿಳ್ಳೆಯೂ ನಿಂತು ಬೈಗುಳ ಶುರುವಾಯಿತು. ಲೋಕೇಶ ಕೂರುವುದು ಬಾಲ್ಕನಿಯ ಕೊನೆಯ ಸಾಲಿನಲ್ಲಿ, ಕ್ಯಾಬಿನ್ನಿನ ಪಕ್ಕದಲ್ಲೇ. ಬಾಗಿಲನ್ನು ನಾನು ಬೇಕೆಂದೇ ತೆರೆದಿಟ್ಟಿದ್ದೆ. ಅವನು ಒಳಗೆ ಬಂದ; ನಾಲ್ಕಾರು ಜನ ಮೊಬೈಲ್ ಹಿಡಿದು ಅವನ ಹಿಂದೆಯೇ ನುಗ್ಗಿದರು.

"ಏನ್ ಸಿದ್ದಣ್ಣ, ಈ ಸಲನೂ ಸೌಂಡ್ ನುಂಗ್ಬುಟ್ಯಾ?"

ಕುರ್ಚಿ ಬಿಟ್ಟು ಎದ್ದೆ. "ನಂಗೆ ಗೊತ್ತಾಗಾಕಿಲ್ಲ ಕಣಪ್ಪ. ನೀನೇ ಏರ್ಸ್ಕೊ."

ಅವನು ಫೇಡರನ್ನು ಹತ್ತರ ತನಕ ತಿರುಗಿಸಿದ. ಪರದೆಯ ಮೇಲೆ ಹೀರೋ ಕಣ್ಣು ತೆರೆದ. ತಮಟೆಯ ಮೊದಲ ಪೆಟ್ಟಿಗೇ ಆಂಪ್ಲಿಫೈಯರ್ ಟ್ರಿಪ್ ಆಯಿತು. ಮಿತಿ ಮೀರಿದರೆ ಸ್ಪೀಕರ್ ಸುಡದಿರಲೆಂದು ಅದು ತಾನಾಗಿ ಆಫ್ ಆಗುತ್ತದೆ. ಅದು ನನಗೆ ಗೊತ್ತಿತ್ತು. ಅಷ್ಟು ದಿನ ಕಾದ ಥೀಮ್ ಮೂಕಿಯಾಗಿ ಓಡಿತು.

ಆಟ ನಿಲ್ಲಿಸಿ ಲೈಟ್ ಹಾಕಿದೆ. ಫೇಡರಿನ ಮೇಲೆ ಯಾರ ಕೈಯಿತ್ತು ಎನ್ನುವುದು ಅವನ ಕಡೆಯವರ ಮೊಬೈಲಿನಲ್ಲೇ ಇತ್ತು. ಕ್ಷಣದಲ್ಲಿ ಅದು ಸಂಘದ ವಾಟ್ಸಾಪ್ ಗುಂಪಿಗೆ ಹೋಯಿತು, ಕೆಳಗಿನವರೆಲ್ಲ ಅವನ ಹೆಸರು ಹಿಡಿದು ಬೈಯತೊಡಗಿದರು. ಲೋಕೇಶ ನನ್ನ ಕಡೆ ತಿರುಗಿದ. ಮತ್ತೆ ಹಾಕಣ್ಣ ಎಂದು ಗೋಗರೆದ.

"ಆಕ್ತೀನಿ. ಮೊದ್ಲು ಕೆಳಗೋಗಿ ಪರದೆ ಮುಂದೆ ನಿಂತ್ಕೊ. ಜಾಗ ನಿಂಗೆ ಗೊತ್ತಲ್ಲ."

ಹೋಗಿ ನಿಂತ. ಕೈಮುಗಿದ. ಕ್ಯಾಬಿನ್ನಿನ ಕಿಂಡಿಯಿಂದ ಸಾವಕಾಶವಾಗಿ ನೋಡಿದೆ. ಆಮೇಲೆ ಆಂಪ್ಲಿಫೈಯರ್ ಆನ್ ಮಾಡಿ, ದೃಶ್ಯವನ್ನು ಹಿಂದಕ್ಕೆ ತಂದು, ಹೊತ್ತು ನೋಡಿ ಆರೂವರೆಗೆ ಏರಿಸಿದೆ. ಸೂರು ಹಾರಿಹೋಗುವಂತೆ ಶಿಳ್ಳೆ ಬಿತ್ತು. ನನ್ನ ಕೆಲಸವೂ ಉಳಿಯಿತು.

ಸೇಡು ಒಳ್ಳೆಯದಲ್ಲ ಎಂದು ಬರೆದು ಮುಗಿಸಪ್ಪ ಎನ್ನುತ್ತಾಳೆ ಮಗಳು. ಸುಳ್ಳು ಬರೆಯಲಾರೆ. ಯಾವಾಗ ಏರಿಸಬೇಕು, ಅಲ್ಲಿಯ ತನಕ ಹೇಗೆ ಕಾಯಬೇಕು, ಇಷ್ಟನ್ನೇ ಈ ವೃತ್ತಿ ನನಗೆ ಕಲಿಸಿದ್ದು. ಮುಂದಿನ ಸಲ ಹಂಪಾಪುರಕ್ಕೆ ಹೋದಾಗ ಬೀಗರು ಕಾಫಿಗೂ ಮೊದಲೇ ಲೋಕೇಶನ ವಿಡಿಯೋ ಹಾಕಿ ತೋರಿಸಿದರು. ಇನ್ನೊಂದು ಸಲ ಹಾಕಿ ಎಂದೆ.